ಇದು ನನ್ನ ದನಿಯಲ್ಲ

ಶಹಾಬಾದಿನ ಮಡಿವಾಳಯ್ಯ ಮಾಸ್ತರರಿಗೆ ತಮ್ಮ ದನಿಯ ಮೇಲಿದ್ದ ಅಭಿಮಾನ ಬೇರೆಯವರಿಗೆ ಹೊಲಮನೆಯ ಮೇಲೂ ಇರಲಿಕ್ಕಿಲ್ಲ. ಮದುವೆಯ ಚಪ್ಪರದಲ್ಲಿ ಬೀಗರನ್ನು ಊಟಕ್ಕೆ ಎಬ್ಬಿಸುವವರು ಅವರೇ. ಮಠಕ್ಕೆ ಸ್ವಾಮಿಗಳು ಬಂದರೆ ಸ್ವಾಗತ ಭಾಷಣ ಅವರದೇ. ಸ್ಟೇಷನ್ನಿನಲ್ಲಿ ವಾಡಿಯ ಗಾಡಿ ತಡವಾಗಿದೆ ಎಂಬುದನ್ನು, ಯಾರೂ ಕೇಳದಿದ್ದರೂ, ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಸಾರುವವರೂ ಅವರೇ. ತಾವು ಬಾಯಿ ತೆರೆದರೆ ನಗಾರಿ ಬಾರಿಸಿದಂತಾಗುತ್ತದೆಂದು ಅವರು ನಂಬಿದ್ದರು. ಅಲ್ಲವೆಂದು ಯಾರೂ ಹೇಳಿರಲಿಲ್ಲ. ಹೌದೆಂದೂ ಯಾರೂ ಹೇಳಿರಲಿಲ್ಲ. ಆದರೆ ಈ ಎರಡನೆಯದನ್ನು ಮಾಸ್ತರರು ಗಮನಿಸಿರಲಿಲ್ಲ.

ನಿಜಾಮರ ಕಾಲದಲ್ಲಿ ಅವರು ಹೈಸ್ಕೂಲಿನಲ್ಲಿ ಉರ್ದು ಮಾತಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಪೊಲೀಸ್ ಕಾರ್ಯಾಚರಣೆ ಆದಮೇಲೆ ಕನ್ನಡದಲ್ಲಿ ಅದೇ ಲೆಕ್ಕ ಕಲಿಸಿದರು. ಮಕ್ಕಳಿಗೆ ಎರಡು ಭಾಷೆಯಲ್ಲೂ ಅಷ್ಟೇ ಅಂಕ ಬಂದವು. ಭಾಷೆ ಬದಲಾದಾಗ ಅವರ ನೌಕರಿಯನ್ನು ‘ಹಂಗಾಮಿ’ ಎಂದು ಬರೆದುಕೊಂಡ ಸರ್ಕಾರ, ಆರು ವರ್ಷವಾದರೂ ಅದನ್ನು ಕಾಯಂ ಮಾಡಲು ಮರೆತೇ ಬಿಟ್ಟಿತ್ತು. ಫೈಲು ಹೈದರಾಬಾದಿನಲ್ಲಿದೆ ಎಂಬುದಷ್ಟೇ ಗೊತ್ತಿತ್ತು.

೧೯೫೪ರ ಮಳೆಗಾಲದಲ್ಲಿ ಅದೇ ಹೈದರಾಬಾದಿನಿಂದ ಒಂದು ದೊಡ್ಡ ಪೆಟ್ಟಿಗೆ ಬಂತು. ದೇಶಕ್ಕೆ ಪ್ರಜಾಪ್ರಭುತ್ವ ಬಂದಿದೆ, ಇನ್ನು ಮುಂದೆ ಮಾತಾಡುವವರು ಬೇಕು, ಆದ್ದರಿಂದ ಹೈಸ್ಕೂಲಿನ ಮಕ್ಕಳಿಗೆ ಭಾಷಣ ಕಲಿಸತಕ್ಕದ್ದು ಎಂದು ಇಲಾಖೆ ತೀರ್ಮಾನಿಸಿತ್ತು. ಪೆಟ್ಟಿಗೆಯೊಳಗೆ ಎರಡು ಚಕ್ರ, ಅವುಗಳ ನಡುವೆ ಓಡುವ ಕಂದು ಬಣ್ಣದ ಪಟ್ಟಿ, ಒಂದು ಮೈಕು. ಟೇಪ್ ರೆಕಾರ್ಡರ್ ಎಂದು ಅದರ ಹೆಸರು. ಹುಡುಗ ಮಾತಾಡಬೇಕು, ಯಂತ್ರ ಅದನ್ನು ಹಿಡಿದಿಟ್ಟುಕೊಂಡು ಹಾಗೇ ತಿರುಗಿ ಹೇಳಬೇಕು, ಹುಡುಗ ತನ್ನ ತಪ್ಪು ತಾನೇ ಕೇಳಿ ತಿದ್ದಿಕೊಳ್ಳಬೇಕು.

"ಇದಕ್ಕ ನೀವೇ ಸರಿ," ಎಂದರು ಹೆಡ್ ಮಾಸ್ತರ ಹಣಮಂತರಾಯರು. "ನಮ್ಮ ಸ್ಕೂಲಿನಾಗ ದನಿ ಅಂದ್ರ ನಿಮ್ಮದು."

ಹಣಮಂತರಾಯರ ಕೋಣೆ ಮಾಸ್ತರರ ತರಗತಿಗೆ ಅಂಟಿಕೊಂಡೇ ಇತ್ತು. ಆ ಮಾತನ್ನು ಅವರು ಯಾವ ಅರ್ಥದಲ್ಲಿ ಹೇಳಿದರೋ! ಮಾಸ್ತರರು ಹಿಗ್ಗಿದರು.

ಶಹಾಬಾದಿನಲ್ಲಿ ಕಾರ್ಖಾನೆಯ ಕೃಪೆಯಿಂದ ಕರೆಂಟು ಇತ್ತು. ಮರುದಿನ ಹತ್ತನೆಯ ತರಗತಿಯ ನಲವತ್ತು ಮಕ್ಕಳ ಮುಂದೆ ಯಂತ್ರವನ್ನು ಮೇಜಿನ ಮೇಲಿಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು, ಮಾಸ್ತರರು ಮೈಕಿನ ಮುಂದೆ ನಿಂತರು. ಮಕ್ಕಳು ಕಲಿಯುವ ಮೊದಲು ಮಾದರಿ ಬೇಡವೇ? ‘ವಾಗ್ಮಿಯ ದನಿ ಹೇಗಿರಬೇಕು’ ಎಂಬ ವಿಷಯದ ಮೇಲೆ ಅವರು ಹತ್ತು ನಿಮಿಷ ಗರ್ಜಿಸಿದರು. ಸಿಂಹದ ಹಾಗಿರಬೇಕು, ಸಮುದ್ರದ ಹಾಗಿರಬೇಕು ಎಂದರು. ಸಮುದ್ರವನ್ನು ಅವರು ನೋಡಿರಲಿಲ್ಲ. ಸಿಂಹವನ್ನೂ ನೋಡಿರಲಿಲ್ಲ. ಆಮೇಲೆ ಚಕ್ರ ಹಿಂದೆ ತಿರುಗಿಸಿ ಗುಂಡಿ ಒತ್ತಿದರು.

ಯಂತ್ರ ಕರಕರ ಎಂದಿತು. ಅದರ ಹಿಂದೆ ಒಂದು ದನಿ ಬಂತು. ಸಣ್ಣ ದನಿ. ಮೂಗಿನಿಂದ ಹೊರಟು ಬಾಯಿಯ ದಾರಿ ತಪ್ಪಿದ ದನಿ. ಹಸಿದ ಆಡಿನ ಮರಿಗೆ ಶೀತವಾದರೆ ಹೀಗೆ ಬರಬಹುದು. "ವಿದ್ಯಾರ್ಥಿಗಳೇ, ವಾಗ್ಮಿ ಅಂದರೆ, ಏನಪಾ ಅಂದ್ರ, ಅವನ ದನಿ, ಏನಪಾ ಅಂದ್ರ, ಸಿಂಹದ ಹಾಗೆ..."

ಮಾಸ್ತರರು ಯಂತ್ರದ ಹಿಂದೆ ಬಗ್ಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಇದು ಯಾರ ದನಿ?" ಎಂದು ಕೇಳಿದರು.

ಪರೀಕ್ಷೆಯ ಪ್ರಶ್ನೆ ಎಂದು ತಿಳಿದು ನಲವತ್ತು ಕೈಗಳು ಮೇಲೆದ್ದವು. ಮಾಸ್ತರರು ಮೆಹತಾಬಳ ಕಡೆ ಬೆರಳು ತೋರಿಸಿದರು. ಈ ಹುಡುಗಿಯ ಅಪ್ಪ ವಾಡಿಯಲ್ಲಿ ರೈಲ್ವೆ ನೌಕರ. ದಿನಾ ಅಲ್ಲಿಂದ ಗಾಡಿಗೆ ಬರುತ್ತಿದ್ದಳು. ಲೆಕ್ಕದಲ್ಲಿ ಮುಂದು. ಕೇಳಿದ್ದಕ್ಕೆ ಇದ್ದದ್ದನ್ನು ಇದ್ದಂತೆ ಹೇಳುವ ಚಟವೊಂದು ಅವಳಿಗಿತ್ತು.

"ನಿಮ್ದೇರಿ ಸರ್. ಮತ್ತ, ‘ಏನಪಾ ಅಂದ್ರ’ ಐವತ್ಮೂರು ಸಲ ಬಂದದರಿ."

ಮಾಸ್ತರರು ನಕ್ಕರು. ಆ ನಗುವೂ, ಅವರಿಗೇ ಯಾಕೋ, ತುಸು ಸಣ್ಣದಾಗಿ ಕೇಳಿಸಿತು. "ಯಂತ್ರಕ್ಕ ಪ್ರಯಾಣದಾಗ ಥಂಡಿ ಹತ್ತ್ಯದ. ಬಾ, ನೀನೇ ಮಾತಾಡು, ನೋಡೋಣ."

ಮೆಹತಾಬ್ ಬಂದು ವಾಡಿ ಜಂಕ್ಷನ್ನಿನ ಮೇಲೆ ಎರಡು ನಿಮಿಷ ಮಾತಾಡಿದಳು. ಯಂತ್ರ ಅದನ್ನು ತಿರುಗಿ ಹೇಳಿತು. ಇಡೀ ತರಗತಿ "ಮೆಹತಾಬ್! ಮೆಹತಾಬ್!" ಎಂದು ಕೂಗಿತು. ಮೆಹತಾಬ್ ಮಾತ್ರ ಮುಖ ಹುಳ್ಳಗೆ ಮಾಡಿ, "ಇದು ನಂದಲ್ರಿ ಸರ್," ಎಂದಳು.

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. "ನೋಡ್ರಿ! ಸುಳ್ಳ ಹೇಳದ ಹುಡುಗಿ ಹೇಳಾಕತ್ತಾಳ!"

ಆ ದಿನ ನಲವತ್ತು ಮಕ್ಕಳೂ ಮಾತಾಡಿದರು. ಪ್ರತಿಯೊಬ್ಬನೂ ಉಳಿದ ಮೂವತ್ತೊಂಬತ್ತು ಮಂದಿಯ ದನಿ ಗುರುತಿಸಿದ. ತನ್ನದನ್ನು ಮಾತ್ರ ಅಲ್ಲವೆಂದ. ಲೆಕ್ಕದ ಮಾಸ್ತರರು ಇದರಿಂದ ಎರಡು ತೀರ್ಮಾನಕ್ಕೆ ಬರಬಹುದಿತ್ತು. ಅವರು ತಮಗೆ ಬೇಕಾದದ್ದಕ್ಕೆ ಬಂದರು. ನಲವತ್ತಕ್ಕೆ ನಲವತ್ತು ಮಂದಿ ತಕರಾರು ಮಾಡಿದ್ದಾರೆ, ತಮ್ಮದೂ ಸೇರಿ ನಲವತ್ತೊಂದು. ಅಂದಮೇಲೆ ಯಂತ್ರ ಖರಾಬು. ಕೂತು ರಿಪೋರ್ಟು ಬರೆದರು: ‘ಸದರಿ ಯಂತ್ರವು ಒಬ್ಬರ ದನಿಯನ್ನು ತೆಗೆದುಕೊಂಡು ಇನ್ನೊಬ್ಬರ ದನಿಯನ್ನು ಕೊಡುವ ದೋಷವನ್ನು ಹೊಂದಿರುತ್ತದೆ.’

ಹೆಡ್ ಮಾಸ್ತರ ಹಣಮಂತರಾಯರು ರಜೆಯ ಚೀಟಿಗೆ ದಸ್ಖತ್ ಹಾಕಲು ಮೂರು ದಿನ ತೆಗೆದುಕೊಳ್ಳುವವರು. ಸರ್ಕಾರಿ ಯಂತ್ರದ ಮೇಲೆ ಬರೆದ ರಿಪೋರ್ಟಿಗೆ ಹಾಗೆಲ್ಲ ಸಹಿ ಮಾಡುವವರಲ್ಲ. "ಸ್ವತಃ ಪರೀಕ್ಷಾ ಮಾಡ್ತೀನಿ," ಎಂದು ಮೈಕಿನ ಮುಂದೆ ಕೂತು ಶಾಲೆಯ ನಿಯಮಗಳನ್ನು ಒಂದರಿಂದ ಹನ್ನೆರಡರವರೆಗೆ ಓದಿದರು. ಯಂತ್ರ ಮೂರನೆಯ ನಿಯಮ ಮುಗಿಸುವಷ್ಟರಲ್ಲಿ ಎದ್ದು ನಿಂತರು.

"ಬಂದ್ ಮಾಡ್ರಿ! ಇದು ನಮ್ಮ ಅತ್ತಿಗಿ ದನಿ! ಆಳಂದದಾಗ ಇರೋ ಅತ್ತಿಗಿ ಇದರಾಗ ಹ್ಯಾಂಗ ಬಂದ್ಳು?"

ನಿಂತ ಕಾಲ ಮೇಲೆ ದಸ್ಖತ್ ಹಾಕಿದರು. ಶಾಲೆಯ ಮೊಹರಿನ ಶಿಕ್ಕಾ ಎರಡು ಸಲ ಹೊಡೆದರು.

ರಿಪೋರ್ಟು ಹೈದರಾಬಾದಿಗೆ ಮುಟ್ಟಲು ಎಂಟು ದಿನ ಬೇಕಾಯಿತು. ಶಹಾಬಾದಿಗೆ ಮುಟ್ಟಲು ಅರ್ಧ ತಾಸು ಸಾಕಾಯಿತು.

ಮೊದಲು ಬಂದವಳು ಪಕ್ಕದ ಮನೆಯ ಚಂದಮ್ಮ. ಸೆರಗು ಬಾಯಿಗೆ ಹಿಡಿದುಕೊಂಡು, "ಐನೋರೆ, ನಮ್ಮತ್ತಿನ ಒಂದೀಟು ಕರಕೊಂಡ್ ಬರ್ತೀನ್ರಿ. ಅವರ ದನಿ ತಗೊಂಡು ಒಂದು ಸಣ್ಣ ದನಿ ಕೊಡಸ್ರಿ. ತಿರುಗಿ ಕೊಡೂದು ಬ್ಯಾಡ," ಎಂದಳು. ಬಳೆ ಮಾರುವ ಅಮೀರ್ಬೀ ಉಲ್ಟಾ ಬೇಡಿಕೆ ತಂದಿದ್ದಳು. "ಮಾಸ್ತರ್ ಸಾಬ್, ನಂದು ಕೂಗು ಒಂದೇ ಗಲ್ಲಿ ಮುಟ್ತದ. ಮೂರು ಗಲ್ಲಿ ಮುಟ್ಟೂದು ಒಂದು ಇದ್ರ ನೋಡ್ರಿ."

ಇಬ್ಬರನ್ನೂ ಮಾಸ್ತರರು ನಗಾರಿ ಬಾರಿಸಿ ಕಳಿಸಿದರು. ಯಂತ್ರ ಖರಾಬು ಎಂಬುದು ಊರಿಗೆಲ್ಲ ಗೊತ್ತಾದದ್ದು ಒಳಗೊಳಗೆ ಅವರಿಗೆ ಸಮಾಧಾನವನ್ನೇ ಕೊಟ್ಟಿತ್ತು. ಆ ಸಮಾಧಾನ ಪೀರಪ್ಪ ಬರುವ ತನಕ ಇತ್ತು.

ಪೀರಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ಮದ್ದು ಸಿಡಿಸುವವನು. ಅವನ ಮಗ ಸಾಯಬಣ್ಣ ಹತ್ತನೆಯ ತರಗತಿಯಲ್ಲಿದ್ದ. ಮಗನ ರಟ್ಟೆ ಹಿಡಿದುಕೊಂಡು ಪೀರಪ್ಪ ಶಾಲೆಯ ಅಂಗಳಕ್ಕೆ ಬಂದ.

"ಐನೋರೆ, ನನ್ನ ಮಗನ ದನಿ ಕೊಡ್ರಿ."

"ಯಾವ ದನಿ?"

"ಹಳೇದು. ಈ ಹೊಸದು ನಮಗ ಬ್ಯಾಡ. ಹೋದ ತಿಂಗಳ ತನಾ ಗುಬ್ಬಿ ಹಂಗ ಮಾತಾಡ್ತಿದ್ದ. ನಿಮ್ಮ ಪೆಟಗಿ ಮುಂದ ನಿಂತ ಬಂದಾನ, ಈಗ ಕೇಳ್ರಿ. ಏ ಸಾಯಬಣ್ಣ, ಏನರೆ ಅನ್ನು."

"ಏನನ್ಲೆಪ್ಪಾ?" ಎಂದ ಸಾಯಬಣ್ಣ. ಮೊದಲರ್ಧ ಬಾವಿಯೊಳಗಿಂದ ಬಂತು, ಉಳಿದರ್ಧ ಮಾಳಿಗೆಯ ಮೇಲಿಂದ.

"ಕೇಳಿದ್ರಿಲ್ಲೋ?"

ಮಾಸ್ತರರು ತಾಳ್ಮೆ ತಂದುಕೊಂಡರು. "ಪೀರಪ್ಪಾ, ಈ ವಯಸ್ಸಿನಾಗ ಹುಡುಗರ ದನಿ ಒಡೀತದ. ಅದಕ್ಕೂ ಯಂತ್ರಕ್ಕೂ ಏನೂ ಸಂಬಂಧ ಇಲ್ಲ."

"ಮತ್ತ ನೀವೇ ಬರದೀರಂತಲ್ರಿ, ಒಬ್ಬರ ದನಿ ಒಬ್ಬರಿಗೆ ಕೊಡ್ತದಂತ? ಶಿಕ್ಕಾನೂ ಹೊಡದಾರಂತಲ್ಲ, ಅದೂ ಎರಡು?"

ಮಾಸ್ತರರ ನಗಾರಿ ಅಲ್ಲಿಗೆ ನಿಂತಿತು. ಸಂಬಂಧ ಇಲ್ಲವೆಂದರೆ ರಿಪೋರ್ಟು ಸುಳ್ಳು. ರಿಪೋರ್ಟು ಖರೆ ಎಂದರೆ ಗುಬ್ಬಿಯ ದನಿ ಹುಡುಕಿಕೊಡಬೇಕು.

ವಾರದೊಳಗೆ ದನಿ ಒಡೆದ ಹುಡುಗರ ಅಪ್ಪಂದಿರು ಆರು ಮಂದಿಯಾದರು. ತರಗತಿಯಲ್ಲಿ ಆ ಹದಕ್ಕೆ ಬಂದ ಹುಡುಗರು ಆರೇ ಮಂದಿ ಇದ್ದದ್ದು ಪುಣ್ಯ. ಯಾರ ದನಿ ಯಾರಿಗೆ ಹೋಗಿದೆ ಎಂದು ಅವರು ತಮ್ಮೊಳಗೇ ಪಂಚಾಯಿತಿ ನಡೆಸಿದರು. ಸಾಯಬಣ್ಣನಿಗೆ ಬಂದಿರುವುದು ಖಣಿಯಲ್ಲಿ ಕೂಲಿಯವರ ಮೇಲ್ವಿಚಾರಣೆ ಮಾಡುವ ಮುಕಾದಮನ ದನಿ ಎಂದು ಬಹುಮತದಿಂದ ತೀರ್ಮಾನವಾಯಿತು. ಮುಕಾದಮ ತನ್ನ ದನಿ ತನ್ನ ಹತ್ತಿರವೇ ಇದೆ ಎಂದು ಕೂಗಿ ತೋರಿಸಿದರೂ ಯಾರೂ ಒಪ್ಪಲಿಲ್ಲ.

ರಿಪೋರ್ಟು ಓದಿ ಹೈದರಾಬಾದಿನಿಂದ ಇಲಾಖೆಯ ಅಧಿಕಾರಿ ಬರುವ ದಿನವೇ ಪೀರಪ್ಪ ಹಾರೆ ಹೆಗಲಿಗಿಟ್ಟು, ಖಣಿಯ ಮಂದಿಯನ್ನು ಹಿಂದೆ ಹಾಕಿಕೊಂಡು ಶಾಲೆಗೆ ಬಂದ. ಪೆಟ್ಟಿಗೆ ಒಡೆದು ದನಿಗಳನ್ನು ಹೊರಗೆ ಬಿಟ್ಟರೆ ಅವು ತಮ್ಮ ತಮ್ಮ ಹುಡುಗರನ್ನು ಹುಡುಕಿಕೊಂಡು ಹೋಗುತ್ತವೆ ಎಂಬುದು ಅವನ ಯೋಜನೆ. ಹಣಮಂತರಾಯರು ಯಂತ್ರವನ್ನು ಬಾಚಿ ತಬ್ಬಿಕೊಂಡು ನಿಂತಿದ್ದರು.

"ರಿಪೋರ್ಟ್ ಇವರದು!" ಎಂದು ಮಡಿವಾಳಯ್ಯನವರ ಕಡೆ ಗದ್ದದಿಂದ ತೋರಿಸಿದರು. "ನಂದು ಬರೇ ದಸ್ಖತ್!"

ಅಷ್ಟರಲ್ಲಿ ಗೇಟಿನಲ್ಲಿ ಟಾಂಗಾ ನಿಂತಿತು. ಬಿಳಿ ಸೀರೆಯ, ದಪ್ಪ ಕನ್ನಡಕದ, ಐವತ್ತರ ಹತ್ತಿರದ ಒಬ್ಬ ಹೆಂಗಸು ಇಳಿದರು. ಇಲಾಖೆಯ ಅಖ್ತರ ಬೇಗಂ. ಗುಲ್ಬರ್ಗದಲ್ಲಿ ಹುಟ್ಟಿ ಬೆಳೆದವರು, ಆದ್ದರಿಂದ ಅವರೆದುರು ಕನ್ನಡದಲ್ಲಿ ಬಚ್ಚಿಡುವ ಹಾಗಿರಲಿಲ್ಲ. ಹಾರೆ ನೋಡಿದರು, ತಬ್ಬಿಕೊಂಡ ಹೆಡ್ ಮಾಸ್ತರರನ್ನು ನೋಡಿದರು.

"ಒಂದು ಕುರ್ಚಿ ತರ್ರಿ," ಎಂದರು.

ಕೂತು, ಬ್ಯಾಗಿನಿಂದ ನಾಲ್ಕು ಕಾಗದ ತೆಗೆದರು. "ಇದು ಸೇಡಂ ಕಡೀದು. ಮಶೀನಿಗೆ ಥಂಡಿ ಆಗ್ಯದಂತ. ಇದು ಚಿತ್ತಾಪುರದ ಕಡೀದು, ಮಶೀನು ಬೇಕಂತ ಮೂಗಿನಾಗ ಮಾತಾಡ್ತದಂತ. ಚಿಂಚೋಳಿಯವರದು ಇದು. ಕನ್ನಡ ಹೇಳಿದ್ರ ತೆಲುಗಿನವರಂಗ ಹೇಳ್ತದಂತ. ನಾಕನೇದು ನಿಮ್ಮದು. ಮಡಿವಾಳಯ್ಯ ಅಂದ್ರ ಯಾರ್ರಿ?"

"ನಾನ್ರಿ," ಎಂದರು ಮಾಸ್ತರರು. ಅವರಿಗೇ ಕೇಳಿಸಲಿಲ್ಲ.

"ಮಾಸ್ಟರ್ ಸಾಬ್, ಮಶೀನು ಖರಾಬ್ ಇದ್ರ ಈ ಜನಾ ಹೇಳೂದೂ ಖರೆ. ಒಡೀಲಿ. ಮಶೀನು ಛಲೋ ಇದ್ರ ನೀವು ಸರ್ಕಾರಕ್ಕ ಸುಳ್ಳ ಬರದೀರಿ. ನಿಮ್ಮ ಕಾಯಂ ಫೈಲು ನನ್ನ ಮೇಜಿನ ಮ್ಯಾಲೇ ಅದ. ಯಾವುದು ಹೇಳ್ರಿ."

ಉತ್ತರಕ್ಕೆ ಕಾಯದೆ ಅಖ್ತರ ಬೇಗಂ ಯಂತ್ರವನ್ನು ಪಡಸಾಲೆಯ ಕಟ್ಟೆಯ ಮೇಲಿಡಿಸಿ, ಮೊದಲ ದಿನದ ಟೇಪು ಹಚ್ಚಿ ಗುಂಡಿ ಒತ್ತಿದರು. ಸುತ್ತಲೂ ಫರಸಿ ಕಲ್ಲಿನ ಗೋಡೆ. ಆಡಿನ ಮರಿಯ ದನಿ ಅಂಗಳದ ನಾಲ್ಕೂ ಮೂಲೆಗೆ ಬಡಿದು ತಿರುಗಿ ಬಂತು. "ವಿದ್ಯಾರ್ಥಿಗಳೇ, ವಾಗ್ಮಿ ಅಂದರೆ, ಏನಪಾ ಅಂದ್ರ..."

"ಯಾರ ದನಿ ಇದು?"

"ಮಡಿವಾಳಯ್ಯ ಮಾಸ್ತರದು!" ಎಂದಿತು ಅಂಗಳ. ಹಾರೆ ಹಿಡಿದವರೂ ಎಂದರು. ಟಾಂಗಾದವನೂ ಎಂದ. "‘ಏನಪಾ ಅಂದ್ರ’ ಐವತ್ಮೂರು ಸಲ ಬರ್ತದರಿ," ಎಂದು ಮೆಹತಾಬ್ ಸೇರಿಸಿದಳು.

ಮಾಸ್ತರರಿಗೆ ಬುತ್ತಿ ತಂದ ಅವರ ಹೆಂಡತಿ ಗುರುದೇವಿ ಗೇಟಿನ ಹತ್ತಿರ ನಿಂತಿದ್ದಳು. "ಅವರದೇರಿ," ಎಂದಳು ಬುತ್ತಿಯ ಗಂಟು ಸಡಿಲ ಮಾಡುತ್ತ. "ಹದಿನೆಂಟು ವರ್ಷ ಆತು, ಈ ದನಿ ಕೂಡ ಸಂಸಾರ ಮಾಡಾಕತ್ತೀನಿ. ನನಗ ಗೊತ್ತಾಗಂಗಿಲ್ಲೇನ್ರಿ?"

ಅಖ್ತರ ಬೇಗಂ ಪೀರಪ್ಪನ ಕಡೆ ತಿರುಗಿದರು. "ಒಬ್ಬರ ದನಿ ಒಬ್ಬರಿಗೆ ಕೊಡೂ ಮಶೀನು, ಇವರದು ಇವರಿಗೇ ಯಾಕ ಕೊಡ್ತು?"

ಪೀರಪ್ಪ ಹಾರೆಯನ್ನು ಹೆಗಲಿನಿಂದ ಕೈಗೆ ಇಳಿಸಿಕೊಂಡ. "ಐನೋರ ಮಾತು ಬ್ಯಾರೆರಿ ಅಮ್ಮಾವ್ರೆ. ಅವರದು ಮೊದಲಿಂದ ಹಂಗೇ ಅದ. ಯಾವ ಯಂತ್ರ ಏನ್ ಮಾಡೀತು? ನಾ ಕೇಳಾಕತ್ತಿದ್ದು ನನ್ನ ಮಗಂದು."

ಮೊದಲಿಂದ ಹಂಗೇ ಅದ. ಮಾಸ್ತರರು ಕಂಬದ ಹಿಂದೆ ಸರಿದರು.

"ಬಾ ಇಲ್ಲೆ. ನೀನೂ ಮಾತಾಡು," ಎಂದರು ಅಖ್ತರ ಬೇಗಂ.

ಪೀರಪ್ಪ ಮೈಕಿನ ಮುಂದೆ ನಿಂತ. ಏನು ಹೇಳಬೇಕೆಂದು ತಿಳಿಯಲಿಲ್ಲ. ಇಪ್ಪತ್ತು ವರ್ಷದಿಂದ ಅವನು ಜನರೆದುರು ಗಟ್ಟಿಯಾಗಿ ಹೇಳಿದ್ದು ಒಂದೇ ಮಾತು. ಅದನ್ನೇ ಹೇಳಿದ.

"ಸರೀರ್ರೋ! ಬತ್ತಿ ಹಚ್ಚೀನಿ! ಸರೀರ್ರೋ!"

ಅಂಗಳದಲ್ಲಿದ್ದ ಖಣಿಯ ಮಂದಿಯೆಲ್ಲ ರೂಢಿಯ ಬಲದಿಂದ ದಡಬಡನೆ ಓಡಿ ಗೋಡೆಯ ಹಿಂದೆ ಕೂತರು. ಆಮೇಲೆ ನಾಚಿಕೊಂಡು ಒಬ್ಬೊಬ್ಬರಾಗಿ ಎದ್ದು ಬಂದರು. ಅಖ್ತರ ಬೇಗಂ ಚಕ್ರ ಹಿಂದೆ ತಿರುಗಿಸಿ ಗುಂಡಿ ಒತ್ತಿದರು. ಯಂತ್ರ, "ಸರೀರ್ರೋ! ಬತ್ತಿ ಹಚ್ಚೀನಿ!" ಎಂದಿತು. ಖಣಿಯ ಮಂದಿ ಮತ್ತೆ ಓಡಿದರು. ಈ ಸಲ ಹಣಮಂತರಾಯರೂ ಓಡಿದರು.

ಪೀರಪ್ಪ ಮಾತ್ರ ಓಡಲಿಲ್ಲ. ಹಾರೆ ಕೈಯಿಂದ ಜಾರಿ ಬಿತ್ತು.

"ನಮ್ಮಪ್ಪ," ಎಂದ.

ಓಡಿಹೋದವರು ಗೋಡೆಯ ಹಿಂದಿನಿಂದ ಇಣುಕಿದರು.

"ನಮ್ಮಪ್ಪಂದ್ರಿ ಇದು. ಅವನೂ ಬತ್ತಿ ಹಚ್ಚಾಂವ. ಹಿಂಗೇ ಒದರತಿದ್ದ. ಅವ ಸತ್ತು ಹನ್ನೆರಡು ವರ್ಷ ಆತು." ಯಂತ್ರದ ಮುಂದೆ ಕೈಮುಗಿದು ನಿಂತ. "ಇನ್ನೊಮ್ಮಿ ಅನಸ್ರಿ ಅಮ್ಮಾವ್ರೆ."

ಅಖ್ತರ ಬೇಗಂ ಇನ್ನೊಮ್ಮೆ ಹಾಕಿದರು. ಖಣಿಯ ಮಂದಿ ಈ ಸಲ ಅರ್ಧ ದಾರಿಗೆ ಹೋಗಿ ನಿಂತರು. ವಯಸ್ಸಾದ ಇಬ್ಬರು, "ಹೌದು, ಹಿರಿಯಂದೇ," ಎಂದು ತಲೆಯಾಡಿಸಿದರು.

"ನಿಂದೇ ಅದು," ಎಂದರು ಅಖ್ತರ ಬೇಗಂ ಮೆಲ್ಲಗೆ. "ನಿಮ್ಮಪ್ಪ ಕೊಟ್ಟಿದ್ದು. ನಮ್ಮ ದನಿ ನಮಗ ತಲೀ ಒಳಗಿಂದ ಕೇಳ್ತದ, ದಪ್ಪ ಕೇಳ್ತದ. ಮಂದಿಗೆ ಹೊರಗಿಂದ ಕೇಳ್ತದ. ಮಶೀನು ಮಂದಿ ಕಿವಿಲಿಂದ ಕೇಳಸ್ತದ, ಅಷ್ಟೇ."

ಪೀರಪ್ಪ ಮಗನ ಕಡೆ ತಿರುಗಿದ. "ಸಾಯಬಣ್ಣ, ನೀ ಅನ್ನು."

"ಏನನ್ಲೆಪ್ಪಾ?"

"ಸರೀರ್ರೋ ಅನ್ನು."

ಸಾಯಬಣ್ಣ ಅಂದ. ಮೊದಲರ್ಧ ಬಾವಿಯಿಂದ ಬಂತು. ಉಳಿದರ್ಧ ಮಾಳಿಗೆಗೆ ಹೋಗಲು ನೋಡಿ, ಮೆಟ್ಟಿಲಲ್ಲೇ ತಿರುಗಿ, ಬಾವಿಗೇ ಇಳಿಯಿತು. ಪೀರಪ್ಪನ ಮುಖ ಅರಳಿತು. "ಮುಕಾದಮಂದಲ್ಲ ಇದು! ನಮ್ಮ ಮನೀದೇ! ಮುತ್ಯಾಂದು ಬರ್ಲಿಕತ್ತದ!" ಉಳಿದ ಐದು ಮಂದಿ ಅಪ್ಪಂದಿರು ತಮ್ಮ ತಮ್ಮ ಮಕ್ಕಳನ್ನು ಹಿಡಿದು ನಿಲ್ಲಿಸಿ ಕೂಗಿಸತೊಡಗಿದರು. ಅಂಗಳದ ತುಂಬ ಸತ್ತುಹೋದ ಅಜ್ಜಂದಿರ ಅರ್ಧರ್ಧ ದನಿ.

ಆ ಗದ್ದಲದಲ್ಲಿ ಅಖ್ತರ ಬೇಗಂ ಕಾಗದ ಹಿಡಿದು ಮಾಸ್ತರರ ಹತ್ತಿರ ಬಂದರು. "ನೀವು ಇನ್ನೂ ಹೇಳಿಲ್ಲ."

ಮಾಸ್ತರರಿಗೆ ಒಂದು ಕಡೆ ಕಾಯಂ ಫೈಲು ಕಾಣಿಸಿತು. ಇನ್ನೊಂದು ಕಡೆ ಆಗಷ್ಟೇ ಯಂತ್ರಕ್ಕೆ ಕೈಮುಗಿದಿದ್ದ ಪೀರಪ್ಪ ಕಾಣಿಸಿದ. ಓದು ಬರಹ ಬಾರದವನು ಎಲ್ಲರೆದುರು ತನ್ನ ದನಿ ಒಪ್ಪಿಕೊಂಡಿದ್ದ.

"ಏನಪಾ ಅಂದ್ರ..." ಎಂದು ಶುರುಮಾಡಿದರು. ತಮ್ಮ ಕಿವಿಗೆ ತಾವೇ ಬಿದ್ದು ನಿಂತರು. "ಮಶೀನು ಛಲೋ ಅದರಿ. ದನಿ ನಂದೇ. ರಿಪೋರ್ಟು ಸುಳ್ಳ."

ಅವರ ಜೀವಮಾನದಲ್ಲೇ ಅತಿ ಚಿಕ್ಕ ಭಾಷಣ ಅದು.

ಅಖ್ತರ ಬೇಗಂ ಕನ್ನಡಕ ತೆಗೆದು ಒರೆಸಿದರು. "ನಾಕು ಸ್ಕೂಲ್ ಆತು ಮಾಸ್ಟರ್ ಸಾಬ್. ನಂದೇ ಅಂತ ಒಪ್ಪಿದವ್ರು ನೀವೊಬ್ರೇ. ಭಾಷಣ ನೀವೇ ಕಲಸ್ರಿ. ಮಶೀನು ಆ ಹುಡುಗಿ ನೋಡಕೊಳ್ಳಲಿ, ಎಣಿಸ್ತಾಳಲ್ಲ, ಆಕಿ. ಈಗ ಹೊಸಾ ರಿಪೋರ್ಟ್ ಬರದ ಕೊಡ್ರಿ. ಫೈಲು ನಾ ನೋಡ್ತೀನಿ."

ಹೊಸ ರಿಪೋರ್ಟಿನಲ್ಲಿ ಮಾಸ್ತರರು ‘ಯಂತ್ರದಲ್ಲಿ ದೋಷವಿಲ್ಲ’ ಎಂದು ಬರೆದರು. ಹಣಮಂತರಾಯರು ಅದಕ್ಕೆ ಸಹಿ ಹಾಕಲು ಸುತಾರಾಂ ಒಪ್ಪಲಿಲ್ಲ. ದೋಷವಿಲ್ಲವೆಂದರೆ ಅತ್ತಿಗೆಯ ದನಿ ತಮ್ಮದೇ ಎಂದು ಸರ್ಕಾರದ ಮುಂದೆ ಒಪ್ಪಿಕೊಂಡಂತಾಗುತ್ತದೆ. ಒಂದು ತಾಸು ಯೋಚಿಸಿ ಅವರೇ ತಿದ್ದಿದರು: ‘ದೋಷವು ನಿವಾರಣೆಯಾಗಿರುತ್ತದೆ.’ ಹೇಗೆ ನಿವಾರಣೆಯಾಯಿತು ಎಂಬ ಕಾಲಮಿನಲ್ಲಿ ‘ತಾನಾಗಿಯೇ’ ಎಂದು ಬರೆದು ಶಿಕ್ಕಾ ಹೊಡೆದರು. ಒಂದೇ.

ಜನ ಹೋದಮೇಲೆ ಮಾಸ್ತರರು ಖಾಲಿ ತರಗತಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತರು. ಎದುರಿನ ಬೆಂಚಿನ ಮೇಲೆ ಗುರುದೇವಿ ಕೂತಿದ್ದಳು. ಅವರು ರೊಟ್ಟಿ ಮುರಿದರು, ತಿನ್ನಲಿಲ್ಲ.

"ನನ್ನ ದನಿ ಹಿಂಗ ಅದ ಅಂತ ಹದಿನೆಂಟು ವರ್ಷದಾಗ ನೀ ಒಂದಿನಾನೂ ಹೇಳ್ಲಿಲ್ಲಲ್ಲ?"

ಗುರುದೇವಿ ಶೇಂಗಾ ಹಿಂಡಿ ಬಡಿಸುತ್ತಿದ್ದ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು.

"ಹದಿನೆಂಟು ವರ್ಷದಾಗ ನೀವು ಸುಮ್ಮನಿದ್ದದ್ದು ಯಾವಾಗ್ರಿ, ನಾ ಹೇಳಾಕ?"

ಮಾಸ್ತರರು ಉತ್ತರ ಕೊಡಲು ಬಾಯಿ ತೆರೆದರು. ತೆರೆದ ಬಾಯಿಗೆ ರೊಟ್ಟಿ ಇಟ್ಟುಕೊಂಡರು. ಗುರುದೇವಿ ಒಂದು ನಿಮಿಷ ಕಾದಳು. ಅವರು ಅಗಿಯುತ್ತಲೇ ಇದ್ದರು. ಅವಳು ಸೆರಗು ಸರಿಮಾಡಿಕೊಂಡು, ಬೆಂಚಿನ ಮೇಲೆ ಕಾಲು ಮಡಚಿ ಸರಿಯಾಗಿ ಕೂತಳು.

"ಹಂಗಾದ್ರ ಕೇಳ್ರಿ," ಎಂದಳು.

ಆ ದಿನ ಮಾಸ್ತರರು ಒಂದು ರೊಟ್ಟಿ ತಿನ್ನಲು ಮುಕ್ಕಾಲು ತಾಸು ತೆಗೆದುಕೊಂಡರು.